ಖಾಲಿ ಹೊಟ್ಟೆಯ ಈಜು

ಈಜು ಕಲಿಸುವವಳ ಎಡಗಾಲಿನ ಮೀನಖಂಡ ಕಲ್ಲಾಗಿ ಹೋದದ್ದು ಕೊಳದ ಆಳದ ತುದಿಯಲ್ಲಿ, ಅದೂ ಕಲಿಯಲು ಬಂದ ಹೆಂಗಸೊಬ್ಬಳು ಕುತ್ತಿಗೆಗೆ ಜೋತುಬಿದ್ದಿದ್ದಾಗ. ಇವಳು ಹಲ್ಲು ಕಚ್ಚಿ ಆಕೆಯನ್ನು ಗೋಡೆಯತ್ತ ನೂಕಿದಳು, ತಾನೂ ಕಂಬಿ ಹಿಡಿದುಕೊಂಡಳು, ಇವತ್ತಿಗೆ ಇಷ್ಟು ಸಾಕು ಎಂದು ನಕ್ಕೂ ನಕ್ಕಳು. ಆ ಹೆಂಗಸಿಗೆ ಏನೂ ಗೊತ್ತಾಗಲಿಲ್ಲ. ಮೇಲೆ ಹತ್ತಿದ ಇವಳು ಮಾತ್ರ ಮೀನಖಂಡ ತಿಕ್ಕಿಕೊಳ್ಳುತ್ತ ಬಂದ ದೂರವನ್ನು ಕಣ್ಣಲ್ಲೇ ಅಳೆದಳು. ಗೋಡೆ ಇನ್ನೊಂದು ಮಾರು ದೂರವಿದ್ದಿದ್ದರೆ ಇಬ್ಬರೂ ತಳ ಸೇರುತ್ತಿದ್ದರು.

ಬೆಳಗ್ಗೆ ಕಲಿಸುವುದು, ಸಂಜೆ ಎತ್ತರದ ಕುರ್ಚಿಯಲ್ಲಿ ಕೂತು ಕಾವಲು ಕಾಯುವುದು ಅವಳ ಕೆಲಸ. ಇಂಥವಳಿಗೆ ಕಾಲೇ ಕೈಕೊಟ್ಟರೆ ಮುಳುಗುವವರನ್ನು ಎತ್ತುವವರು ಯಾರು? ಮುಂದಿನ ಸಲ ಕುತ್ತಿಗೆಗೆ ಜೋತುಬೀಳುವುದು ಮಗುವಾಗಿದ್ದರೆ? ಈ ಯೋಚನೆ ತಲೆ ಹೊಕ್ಕ ಮೇಲೆ ಅವಳು ನಿರ್ಧಾರ ಮಾಡಿಬಿಟ್ಟಳು. ಇದರ ಬುಡ ಹುಡುಕಿ ಕಿತ್ತೇ ತೀರಬೇಕು.

ಬುಡ ಇದ್ದದ್ದು ಕಣ್ಣೆದುರೇ. ಆ ಕುರ್ಚಿಯಲ್ಲಿ ಅವಳಿಗಿಂತ ಮೊದಲು ಕೂತವರು ಅವಳ ಅಪ್ಪ. ಮೂಗಿನವರೆಗೆ ನೀರಲ್ಲಿ ಮುಳುಗಿ ಕಣ್ಣಷ್ಟೇ ಮೇಲಿಟ್ಟು ಕಲಿಯುವವರ ತಪ್ಪು ಹಿಡಿಯುತ್ತಿದ್ದುದರಿಂದ ಎಲ್ಲರ ಬಾಯಲ್ಲೂ ಮೊಸಳೆ ಮಾಸ್ತರು. ನೀರಿಗಿಳಿಯುವವರು ಬೆಳಗ್ಗೆ ಏನೂ ತಿನ್ನಕೂಡದು, ತಿಂದರೆ ಕಾಲು ಹಿಡಿಯುತ್ತದೆ ಎಂಬುದು ಮಾಸ್ತರರ ಕಟ್ಟಪ್ಪಣೆ. ಕೊಳದ ಕೆಲಸದವರೆಲ್ಲ ಅದನ್ನು ಕಣ್ಣು ಮುಚ್ಚಿ ಪಾಲಿಸಿದರು. ಖಾಲಿ ಹೊಟ್ಟೆಗೆ ಗಟ್ಟಿ ಚಹಾ ಸುರಿದುಕೊಂಡರೆ ಎದೆ ಉರಿಯದೆ ಇರುತ್ತದೆಯೇ? ಅದಕ್ಕೆ ಚಹಾದ ಫ್ಲಾಸ್ಕಿನ ಪಕ್ಕದಲ್ಲೇ ಆಸಿಡಿಟಿ ಮಾತ್ರೆಯ ಡಬ್ಬಿ ಬಂದು ಕೂತಿತು. ಒಬ್ಬರು ಸಕ್ಕರೆ ಎತ್ತಿಕೊಟ್ಟರೆ ಇನ್ನೊಬ್ಬರು ಮಾತ್ರೆ ಎತ್ತಿಕೊಡುತ್ತಿದ್ದರು. ವೈದ್ಯರನ್ನು ಕೇಳುವ ಗೋಜಿಗೆ ಯಾರೂ ಹೋಗಿರಲಿಲ್ಲ.

ಕಾಲು ಹಿಡಿದ ಸುದ್ದಿ ಮನೆಗೆ ಮುಟ್ಟಿದಾಗ ಮಾಸ್ತರರು, ರಾತ್ರಿಯ ಊಟವನ್ನೂ ಕಡಿಮೆ ಮಾಡು ಎಂದರು. ಔಷಧಿ ಅಂಗಡಿಯ ಭಾವ, ಇದು ಮೆಗ್ನೀಸಿಯಂ ಕೊರತೆಯೇ ಸೈ ಎಂದು ಒಂದು ಡಬ್ಬಿ ಮಾತ್ರೆ ಕೈಗಿಟ್ಟ. ಭಾವ ಊಹೆಯಲ್ಲಿ ಗಟ್ಟಿ, ಅಳತೆಯಲ್ಲಿ ಧಾರಾಳ. ಅವಳು ಅದನ್ನು ನುಂಗಿ ನುಂಗಿ ಕೊಳಕ್ಕಿಂತ ಹೆಚ್ಚು ಹೊತ್ತು ಕಕ್ಕಸಿನಲ್ಲಿ ಕಳೆದಳು. ಕಾಲು ಹಿಡಿಯುವುದು ನಿಲ್ಲಲಿಲ್ಲ. ಸಾಲದ್ದಕ್ಕೆ ಕಣ್ಣಿನ ರೆಪ್ಪೆಯೂ ಅದುರತೊಡಗಿತು.

ಕೊನೆಗೆ ಅವಳು ಡಾಕ್ಟರಮ್ಮನ ಮುಂದೆ ಹೋಗಿ ಕೂತಳು. ಬೇರೆ ಏನಾದರೂ ಮಾತ್ರೆ ತಗೊಳ್ಳುತ್ತಿದ್ದೀರಾ ಎಂದು ಅವರು ಕೇಳಿದಾಗ, ಭಾವ ಕೊಟ್ಟದ್ದು ಬಿಟ್ಟರೆ ಏನೂ ಇಲ್ಲ ಎಂದಳು. ಸುಳ್ಳು ಹೇಳುವ ಉದ್ದೇಶ ಅವಳಿಗಿರಲಿಲ್ಲ. ಬೆಳಗ್ಗೆ ಏನು ತಿಂತೀರಿ ಎಂಬ ಪ್ರಶ್ನೆ ಬಂದಾಗಲೇ ಚಹಾದ ಜೊತೆ ಆಸಿಡಿಟಿ ಮಾತ್ರೆಯ ಮಾತೂ ಹೊರಗೆ ಬಂತು.

"ಅದನ್ನ ಯಾಕೆ ಮೊದಲೇ ಹೇಳಲಿಲ್ಲ ನೀವು?"

"ಅದು ಔಷಧಿ ಅಂತ ಅನ್ನಿಸೇ ಇರಲಿಲ್ಲ ಡಾಕ್ಟ್ರೆ. ಚಹಾ ಜೊತೆ ಬರೋದು. ವರ್ಷಗಟ್ಟಲೆಯಿಂದ ತಗೋತಿದೀನಿ."

ರಕ್ತ ಪರೀಕ್ಷೆಯಾಯಿತು. ಮೂತ್ರಪಿಂಡಕ್ಕೆ ಏನೂ ಆಗಿರಲಿಲ್ಲ, ಮೆಗ್ನೀಸಿಯಂ ಮಾತ್ರ ತೀರಾ ಕೆಳಗಿತ್ತು. ಡಾಕ್ಟರಮ್ಮ ಬಿಡಿಸಿ ಹೇಳಿದರು: ಬಿಗಿದ ಸ್ನಾಯು ಮತ್ತೆ ಸಡಿಲಾಗುವುದಕ್ಕೆ ಮೆಗ್ನೀಸಿಯಂ ಬೇಕು, ನರಗಳು ನೆಟ್ಟಗೆ ಕೆಲಸ ಮಾಡುವುದಕ್ಕೂ ಬೇಕು. ವರ್ಷಗಟ್ಟಲೆ ಆ ಆಸಿಡಿಟಿ ಮಾತ್ರೆ ನುಂಗಿದ ಕೆಲವರಲ್ಲಿ ಕರುಳು ಅದನ್ನು ಹೀರಿಕೊಳ್ಳುವುದು ಕಡಿಮೆಯಾಗುತ್ತದೆ. ಊಟವೂ ಅರೆಬರೆಯಾದರೆ ಬರುವುದೇ ಕಡಿಮೆ. ಮೆಗ್ನೀಸಿಯಂ ಮಾತ್ರೆಯನ್ನೇ ಅಳತೆ ಮೀರಿ ನುಂಗಿದರೆ ಭೇದಿಯಾಗಿ ಅದೂ ಹೊರಗೆ ಹೋಗುತ್ತದೆ. ಕಾಲು ಹಿಡಿದವರಿಗೆಲ್ಲ ಇದೇ ಕಾರಣ ಅಂತಲ್ಲ, ಅದಕ್ಕೇ ಪರೀಕ್ಷೆ ಮಾಡಿಸಿದ್ದು. ಆಸಿಡಿಟಿ ಮಾತ್ರೆಯನ್ನು ಮೆಲ್ಲಗೆ ಬಿಡಿ, ಮೆಗ್ನೀಸಿಯಂ ನಾನು ಹೇಳಿದಷ್ಟೇ ತಗೊಳ್ಳಿ, ಬೆಳಗ್ಗೆ ಹೊಟ್ಟೆ ತುಂಬ ತಿನ್ನಿ, ಇನ್ನೊಂದು ಪರೀಕ್ಷೆಯಾಗುವವರೆಗೆ ಆಳದ ನೀರಿನ ತಂಟೆಗೆ ಹೋಗಬೇಡಿ.

ಮಾರನೆಯ ದಿನ ಅವಳು ತಾನಾಗಿಯೇ ಕೊಳದ ಮ್ಯಾನೇಜರರ ಬಳಿ ಹೋಗಿ ತನ್ನನ್ನು ಕುರ್ಚಿಯಿಂದ ಇಳಿಸಿ ಎಂದಳು. ಮರಳಿ ಹತ್ತಬೇಕಾದರೆ ಮುಳುಗಿದವರನ್ನು ಎತ್ತುವ ಪರೀಕ್ಷೆಯನ್ನು ಹೊಸದಾಗಿ ಪಾಸಾಗಬೇಕು, ಆಗದಿದ್ದರೆ ಟಿಕೆಟ್ ಕೌಂಟರೇ ಗತಿ ಎಂದು ಅವರು ಖಡಾಖಂಡಿತವಾಗಿ ಹೇಳಿದರು. ಅವಳು ಒಪ್ಪಿದಳು. ಮಾಸ್ತರರ ಮುಖ ಊದಿಕೊಂಡಿತು. ಮಗಳು ತನ್ನ ಮರ್ಯಾದೆ ಕಳೆದಳೆಂದು ನೆರೆಯವರ ಹತ್ತಿರವೆಲ್ಲ ಹೇಳಿಕೊಂಡು ಬಂದರು, ಮಗಳ ಹತ್ತಿರ ಮಾತ್ರ ಮಾತು ಬಿಟ್ಟರು.

ಮೊದಮೊದಲು ಎದೆಯುರಿ ಅವಳನ್ನು ಹುರಿದು ಮುಕ್ಕಿತು. ಡಬ್ಬಿಯತ್ತ ಹೋಗುವ ಕೈಯನ್ನು ತಾನೇ ಹಿಂದಕ್ಕೆಳೆದುಕೊಂಡಳು. ಬೇಯಿಸಿದ ಕಾಳು, ಸೊಪ್ಪು, ತೌಡು ತೆಗೆಯದ ಹಿಟ್ಟಿನ ರೊಟ್ಟಿ, ಒಂದು ಹಿಡಿ ಕುಂಬಳಬೀಜ, ಇವನ್ನು ಅಪ್ಪನ ಎದುರಿಗೇ ಕೂತು ತಿಂದಳು. ಮಾಸ್ತರರು ಗೋಡೆ ನೋಡುತ್ತಿದ್ದರು. ಅವಳಿಗೆ ಅಳು ಬಂದ ದಿನಗಳೂ ಇದ್ದವು. ಆಗಲೂ ತಟ್ಟೆ ಖಾಲಿ ಮಾಡಿಯೇ ಎದ್ದಳು. ಆಳವಿಲ್ಲದ ನೀರಿನಲ್ಲಿ ಪುಟಾಣಿಗಳಿಗೆ ಗುಳ್ಳೆ ಬಿಡುವುದನ್ನು ಕಲಿಸಿದಳು, ಉಳಿದ ಹೊತ್ತು ಟಿಕೆಟ್ ಹರಿದಳು. ರೆಪ್ಪೆ ಅದುರುವುದು ಮೊದಲು ನಿಂತಿತು. ಆಮೇಲೆ ಯಾವಾಗಲೋ ಕಾಲು ಹಿಡಿಯುವುದೂ ನಿಂತಿತು. ಎರಡನೆಯ ರಕ್ತ ಪರೀಕ್ಷೆ ನೋಡಿ ಡಾಕ್ಟರಮ್ಮ, ಇನ್ನು ಧಾರಾಳವಾಗಿ ಇಳಿಯಿರಿ ಎಂದರು.

ಮುಳುಗಿದವರನ್ನು ಎತ್ತುವ ಪರೀಕ್ಷೆಯ ದಿನ ಅವಳು ತಿಂಡಿ ತಿಂದು, ಸ್ವಲ್ಪ ಹೊತ್ತು ಬಿಟ್ಟೇ ಕೊಳಕ್ಕೆ ಬಂದಳು. ಕರೆಯದಿದ್ದರೂ ಮಾಸ್ತರರು ಬಂದು ಅಂಚಿನಲ್ಲಿ ನಿಂತಿದ್ದರು. ಅವಳು ಪರೀಕ್ಷೆಗೆಂದು ತಳದಲ್ಲಿಟ್ಟಿದ್ದ ಆಳುದ್ದದ ರಬ್ಬರ್ ಗೊಂಬೆಯನ್ನು ಎತ್ತಿ, ಕೊಳದ ಉದ್ದಕ್ಕೂ ಎಳೆದು ತಂದು ದಡಕ್ಕೆ ಹಾಕಿದಳು. ಪರೀಕ್ಷಕರು ಪಾಸ್ ಎಂದು ಕೈಕುಲುಕಲು ಬಂದರು.

"ಇನ್ನೊಂದು ಸಲ ಮಾಡ್ತೀನಿ ಸಾರ್," ಎಂದಳು ಅವಳು.

ಅಗತ್ಯವಿಲ್ಲ ಎಂದರು ಅವರು.

"ನಿಮಗಲ್ಲ, ನನಗೆ. ಕಾಲು ಹಿಡೀತಿದ್ದದ್ದು ಯಾವಾಗ್ಲೂ ಸುಸ್ತಾದ ಮೇಲೇನೇ."

ಪರೀಕ್ಷಕರು ಗೊಂಬೆಯನ್ನು ಮತ್ತೆ ನೀರಿಗೆ ಹಾಕಲು ಬಗ್ಗಿದರು. ಅಷ್ಟರಲ್ಲಿ ಮಾಸ್ತರರು ಅಂಗಿ ಬಿಚ್ಚಿ ಬೆಂಚಿನ ಮೇಲೆ ಎಸೆದರು. ಎಷ್ಟೋ ದಿನಗಳ ಮೇಲೆ ಮಗಳ ಮುಖ ನೋಡಿ ಮಾತಾಡಿದರು.

"ಗೊಂಬೆಗೆ ಜೀವ ಇಲ್ಲ, ಮನುಷ್ಯನಷ್ಟು ತೂಕನೂ ಇಲ್ಲ. ನಾನು ಇಳೀತೀನಿ. ನನ್ನ ಎತ್ಕೊಂಡು ಬಾ."

"ನಿನಗೆ ವಯಸ್ಸಾಯ್ತಪ್ಪ."

"ಅದಕ್ಕೇ ಹೇಳ್ತಿರೋದು. ನೀನು ಬಿಟ್ರೆ ನಾನು ಮುಳುಗ್ತೀನಿ."

ಅವರು ಆಳದ ತುದಿಯಲ್ಲಿ ಇಳಿದು, ಉಸಿರು ಬಿಟ್ಟು, ಕೈಕಾಲು ಸಡಿಲ ಮಾಡಿ ಕೆಳಗೆ ಜಾರಿದರು. ಅವಳು ಧುಮುಕಿದಳು. ಕಂಕುಳಿಗೆ ಕೈಹಾಕಿ ಮೇಲೆ ತಂದು, ಅವರ ತಲೆಯನ್ನು ತನ್ನ ಹೆಗಲಿಗೆ ಒರಗಿಸಿಕೊಂಡು ಕಾಲು ಬಡಿಯತೊಡಗಿದಳು. ಅಪ್ಪ ಅಂದುಕೊಂಡದ್ದಕ್ಕಿಂತ ಭಾರವಿದ್ದರು. ನಡುವಿನಲ್ಲಿ ತೊಡೆ ಉರಿಯಿತು, ಮೀನಖಂಡ ನಡುಗಿತು. ಅವಳು ನಿಲ್ಲಿಸಲಿಲ್ಲ, ಅದು ಬಿಗಿದುಕೊಳ್ಳಲೂ ಇಲ್ಲ. ದಡದವರೆಗೆ ಅವಳು ಅವರನ್ನು ಎಳೆದು ತಂದಳು. ಊರಿಗೆಲ್ಲ ಈಜು ಕಲಿಸಿದ ಮೊಸಳೆ ಮಾಸ್ತರರು ಅಷ್ಟುದ್ದಕ್ಕೂ ಒಂದು ಸಲವೂ ಕಾಲಾಡಿಸಲಿಲ್ಲ.