ಅಕ್ಕ ಕೊಟ್ಟ ಕಿಡ್ನಿಗೆ ಬಂದ ಜ್ವರ

ಸಾಂಕ್ರಾಮಿಕ ಮುಗಿಯಿತೆಂದು ಸರ್ಕಾರ ಸಾರಿದ್ದೇ ತಡ, ಊರಿನವರೆಲ್ಲ ಮಾಸ್ಕ್ ಕಿತ್ತೆಸೆದು ಮನಸಾರೆ ಕೆಮ್ಮತೊಡಗಿದರು. ಅಷ್ಟು ದಿನ ಅದುಮಿಟ್ಟ ಕೆಮ್ಮಲ್ಲವೇ, ಪಾಪ. ಅವರಲ್ಲಿ ಮುಕ್ಕಾಲು ಮಂದಿ ಗಡ್ಡ ಹೆರೆಸಿಕೊಳ್ಳಲು ಬರುತ್ತಿದ್ದುದು ತಮ್ಮನ ಕ್ಷೌರದಂಗಡಿಗೇ. ತಮ್ಮನ ಹೊಟ್ಟೆಯಲ್ಲಿ ಅಕ್ಕ ಕೊಟ್ಟ ಕಿಡ್ನಿ ಇತ್ತು. ಹೊರಗಿನದೆಂದು ದೇಹ ಅದನ್ನು ಓಡಿಸದಿರಲಿ ಅಂತ ದಿನಾ ನುಂಗುವ ಮಾತ್ರೆಗಳು ಅವನ ರೋಗನಿರೋಧಕ ಶಕ್ತಿಯನ್ನೇ ಮಲಗಿಸಿದ್ದವು. ಮಾಸ್ಕ್ ಹಾಕಿಕೋ ಎಂದರೆ, "ಗಿರಾಕಿಗಳು ಬೇಜಾರು ಮಾಡ್ಕೋತಾರೆ ಅಕ್ಕ" ಎನ್ನುತ್ತಿದ್ದ. ಸರಿಯೇ. ಗಿರಾಕಿಗೆ ಬೇಜಾರಾಗಬಾರದು, ಕಿಡ್ನಿಗಾದರೆ ಚಿಂತೆಯಿಲ್ಲ.

ಒಂದು ಸಂಜೆ ಅಂಗಡಿ ಮುಚ್ಚಿದ್ದು ಕಂಡು ಅಕ್ಕ ಅವನ ಮನೆಗೆ ಹೋದಳು. ತಮ್ಮ ಎರಡು ಕಂಬಳಿ ಹೊದ್ದು ಮಲಗಿದ್ದ. ಅವನ ಹೆಂಡತಿ ಥರ್ಮಾಮೀಟರ್ ಹಿಡಿದು ನಗುತ್ತಾ ಬಂದಳು.

"ಜ್ವರ ಇಲ್ಲ ಅತ್ತಿಗೆ, ನೀವೇ ನೋಡಿ."

"ಮಾತ್ರೆ ಏನಾದ್ರೂ ಕೊಟ್ಯಾ?"

"ನಿನ್ನೆಯಿಂದ ಜ್ವರದ ಮಾತ್ರೆ ಕೊಡ್ತಾನೇ ಇದೀನಿ. ಅದಕ್ಕೇ ಇಳಿದಿರೋದು."

"ಕಳ್ಳನ್ನ ಕೋಣೇಲಿ ಬಚ್ಚಿಟ್ಟು, ಮನೇಲಿ ಕಳ್ಳ ಇಲ್ಲ ಅಂತಿದೀಯಲ್ಲಮ್ಮ. ಮೈ ಬೆಚ್ಚಗಾದ್ರೆ ಮೊದಲು ನಮಗೆ ಫೋನ್ ಮಾಡಿ ಅಂತ ಆಸ್ಪತ್ರೆಯವರು ಬಾಯಿ ನೋಯೋ ಹಾಗೆ ಹೇಳಿರ್ಲಿಲ್ವಾ? ಏಳೋ, ಆಟೊ ತರ್ತೀನಿ."

"ನಾಳೆ ಹೋದ್ರಾಯ್ತು ಬಿಡಕ್ಕ" ಎಂದ ತಮ್ಮ, ಹಲ್ಲು ಕಟಕಟಿಸುತ್ತಾ.

"ಹೌದಪ್ಪ, ಸಾವಕಾಶವಾಗಿ ಹೋಗೋಣ. ನಿನಗೇನು, ಕಿಡ್ನಿ ನಿನ್ನದಲ್ವಲ್ಲ."

ಆಸ್ಪತ್ರೆಯಲ್ಲಿ ಡಾಕ್ಟರು ಎದೆಯ ಎಕ್ಸ್-ರೇ ದೀಪಕ್ಕೆ ಹಿಡಿದರು. ಸೋಂಕು ಶ್ವಾಸಕೋಶಕ್ಕಿಳಿದಿತ್ತು.

"ಕಿಡ್ನಿ ಕಾಯೋ ಮಾತ್ರೆಗಳಲ್ಲಿ ಕೆಲವನ್ನ ನಿಲ್ಲಿಸಬೇಕು. ಇಲ್ಲದಿದ್ರೆ ದೇಹಕ್ಕೆ ಸೋಂಕಿನ ಜೊತೆ ಹೋರಾಡೋ ಶಕ್ತಿ ಬರಲ್ಲ. ನಿಲ್ಲಿಸಿದ್ರೆ ಕಿಡ್ನಿ ಕೈಕೊಟ್ಟರೂ ಕೊಡಬಹುದು."

ತಮ್ಮ ಆಮ್ಲಜನಕದ ಮಾಸ್ಕ್ ಸರಿಸಿದ. "ಬೇಡ ಡಾಕ್ಟ್ರೇ. ಅದು ಅಕ್ಕಂದು."

"ಈಗ ನೆನಪಾಯ್ತಾ? ಮಾಸ್ಕ್ ಹಾಕ್ಕೊಳ್ಳೋ. ಗಿರಾಕಿಗಳು ಯಾರೂ ನೋಡ್ತಿಲ್ಲ" ಎಂದಳು ಅಕ್ಕ. ಆಮೇಲೆ ಡಾಕ್ಟರ ಕಡೆ ತಿರುಗಿ, ಅಷ್ಟೇ ಒರಟಾಗಿ, "ನಿಲ್ಲಿಸಿ. ಕೊಟ್ಟ ದಿನಾನೇ ನನ್ನ ಪಾಲಿಗೆ ಅದು ಹೋಯ್ತು. ಇವನು ಉಳೀಲಿ" ಎಂದಳು.

ರಾತ್ರಿಯೆಲ್ಲ ಅವಳು ಮಂಚದ ಪಕ್ಕ ಸ್ಟೂಲಿನ ಮೇಲೆ ಕೂತು, ಕೆಳಗೆ ತೂಗುಹಾಕಿದ್ದ ಮೂತ್ರದ ಚೀಲವನ್ನೇ ನೋಡಿದಳು. ಕೊಳವೆಯ ತುದಿಯಲ್ಲಿ ಒಂದು ಹನಿ ಕೂಡುವುದು, ತಡೆಯುವುದು, ಬೀಳುವುದು.

"ಮಾಡು, ಮಾಡು" ಎಂದು ಕಿಡ್ನಿಗೆ ಗೊಣಗಿದಳು. "ಇವನ ಮನೆ ಸೇರಿದೀಯ ಅಂತ ಇವನ ಹಾಗೆ ಸೋಮಾರಿ ಆಗ್ಬೇಡ."