ಜಾಲರಿ ಇರುವಲ್ಲಿಗೆ ಮಿಷನ್

ಅನುದಾನದ ಎರಡನೇ ಕಂತು ಬಿಡುಗಡೆಯಾಗುವ ಮೊದಲು ಸಾಮಗ್ರಿ ತಪಾಸಣೆ ಆಗಬೇಕಿತ್ತು. ಅದಕ್ಕೆಂದೇ ಚಿಕ್ಕಬಳ್ಳಾಪುರದಿಂದ ಶಿಡ್ಲಘಟ್ಟಕ್ಕೆ ಬಂದ ಅಧಿಕಾರಿ ಸತ್ಯಮೂರ್ತಿ, ತರಬೇತಿ ಕೊಠಡಿಯಲ್ಲಿದ್ದ, ರೇಷ್ಮೆ ನೂಲನ್ನು ಹುರಿ ಮಾಡುವ ಮಿಷನ್ನನ್ನು ಒಂದು ಸುತ್ತು ಹಾಕಿ ನಿಂತರು.

"ಬೆಲ್ಟಿನ ಮೇಲೆ ಜಾಲರಿ ಇರ್ಬೇಕಲ್ಲ ಮೇಡಂ, ಎಲ್ಲಿ?"

"ರಾಮಾಂಜಿನಪ್ಪನವರ ಶೆಡ್‌ನಲ್ಲಿದೆ ಸಾರ್. ಅಲ್ಲಿ ಓಡೋ ಮಿಷನ್‌ಗೆ ಹಾಕಿದೀವಿ" ಎಂದರು ಅನಸೂಯಮ್ಮ. ಸಂಸ್ಥೆ ಅವರದು. ಹುರಿ ಶೆಡ್‌ಗಳಲ್ಲಿ ದುಡಿಯುವ ಹೆಂಗಸರಿಗೆ ಅಪಾಯವಾಗದಂತೆ ಕೆಲಸ ಮಾಡುವುದನ್ನು ಹೇಳಿಕೊಡಲು 2008ರಲ್ಲಿ ಅದಕ್ಕೆ ಸರ್ಕಾರದ ಅನುದಾನ ಸಿಕ್ಕಿತ್ತು.

"ಸುರಕ್ಷತೆ ಹೇಳ್ಕೊಡೋ ಮಿಷನ್‌ಗೇ ಸುರಕ್ಷತೆ ಇಲ್ಲ ಅಂತ ಬರ್ಕೊಳ್ಲಾ?"

"ಇದು ಓಡೋದೇ ಇಲ್ವಲ್ಲ ಸಾರ್. ಇದಕ್ಕೆ ಮೋಟಾರೇ ಇಲ್ಲ."

ಶೆಡ್‌ಗಳಿಗೆ ಹನ್ನೆರಡು ಜಾಲರಿ ಬೇಕೆಂದು ಅನಸೂಯಮ್ಮ ಮೊದಲೇ ಕೇಳಿದ್ದರು. ಅನುದಾನ ತರಬೇತಿಗೆ ಮಾತ್ರ, ಖಾಸಗಿಯವರ ಯಂತ್ರಗಳಿಗಲ್ಲ ಎಂಬ ಉತ್ತರ ಬಂತು. ತೋರಿಸಲು ಒಂದು ಹಳೆಯ ಮಿಷನ್, ಅದಕ್ಕೊಂದು ಹೊಸ ಜಾಲರಿ ಮಂಜೂರಾಯಿತು. ಮರುತಿಂಗಳೇ ರಾಮಾಂಜಿನಪ್ಪನ ಶೆಡ್‌ನಲ್ಲಿ ತನುಜಳ ಜಡೆ ಬೆಲ್ಟಿಗೆ ಸಿಕ್ಕಿತು. ಪಕ್ಕದವಳು ಸ್ವಿಚ್ ಆರಿಸಿದ್ದರಿಂದ ಜೀವ ಉಳಿಯಿತು. ಕಿವಿಯ ಹಿಂದೆ ಅಂಗೈಯಗಲ ಚರ್ಮ ಕಿತ್ತು ಬಂತು. ಗಾಯ ಮಾಯುತ್ತಲೇ ಅವಳು ಅದೇ ಮಿಷನ್‌ಗೆ ವಾಪಸಾದಳು. ಅವತ್ತೇ ಅನಸೂಯಮ್ಮ ಕೊಠಡಿಯ ಜಾಲರಿ ಬಿಚ್ಚಿ ಒಯ್ದು ಅಲ್ಲಿ ಕೂರಿಸಿದ್ದರು.

ಇದನ್ನೆಲ್ಲ ಕೇಳಿ ಸತ್ಯಮೂರ್ತಿ ತಲೆಯಾಡಿಸಿದರು. "ತಪ್ಪು ಅನ್ನಲ್ಲ ಮೇಡಂ. ಆದ್ರೆ ಫೋಟೋದಲ್ಲಿ ಮಿಷನ್ನು, ಜಾಲರಿ, ನಿಮ್ಮ ಬೋರ್ಡು ಮೂರೂ ಒಟ್ಟಿಗಿರ್ಬೇಕು. ಇಲ್ಲಾಂದ್ರೆ ಕಂತು ಬರಲ್ಲ. ಅರ್ಧ ಗಂಟೆ ಮಟ್ಟಿಗೆ ಬಿಚ್ಕೊಂಡ್ ಬನ್ನಿ, ಆಮೇಲೆ ಹಾಕ್ಕೊಳ್ಳಿ."

ಅನಸೂಯಮ್ಮ ರಾಮಾಂಜಿನಪ್ಪನಿಗೆ ಫೋನ್ ಮಾಡಿದರು.

"ಬಿಚ್ಕೊಂಡ್ ಹೋಗಮ್ಮ, ಯಾರು ಬೇಡ ಅಂದ್ರು? ಬಿಚ್ಚೋ ತನಕ ಮಿಷನ್ ನಿಲ್ಲಿಸ್ತೀನಿ, ಆಮೇಲೆ ಓಡ್ತಾನೇ ಇರುತ್ತೆ. ಕರೆಂಟ್ ಇರೋದೇ ಮಧ್ಯಾಹ್ನದವರೆಗೆ. ಜಾಲರಿ ಇಲ್ದೆ ಇಷ್ಟು ವರ್ಷ ಓಡಿಲ್ವಾ?"

"ತನುಜನ್ನ ಅಷ್ಟೊತ್ತು ಬೇರೆ ಕಡೆ ಕೂರಿಸಿ."

"ಅವಳ ಮಿಷನ್ ಯಾರು ನೋಡ್ಕೊಳ್ಳೋದು, ನೀವಾ?"

ಅನಸೂಯಮ್ಮ ಫೋನ್ ಇಟ್ಟು ಕೇಳಿದರು: "ಸಾರ್, ಮೂರೂ ಒಟ್ಟಿಗಿರ್ಬೇಕು ಅಂದ್ರಿ. ಎಲ್ಲಿರ್ಬೇಕು ಅಂತ ಇದೆಯಾ?"

ಸತ್ಯಮೂರ್ತಿ ಮಾರ್ಗಸೂಚಿಯನ್ನು ಮೊದಲಿನಿಂದ ಕೊನೆವರೆಗೆ ಮಗುಚಿದರು. "ಹಾಗೇನೂ ಹೇಳಿಲ್ಲ."

"ಹಾಗಾದ್ರೆ ಮಿಷನ್ನೂ ಬೋರ್ಡೂ ಅಲ್ಲಿಗೆ ಹೋಗ್ಲಿ."

"ಒಂದು ಜಾಲರಿಗೋಸ್ಕರ ಇಷ್ಟು ದೊಡ್ಡ ಮಿಷನ್ನಾ?"

"ಇದನ್ನ ಎತ್ತಿದ್ರೆ ಯಾರ ತಲೇನೂ ಹೋಗಲ್ಲ ಸಾರ್."

ರೇಷ್ಮೆಗೂಡಿನ ಮಾರುಕಟ್ಟೆಯಿಂದ ಹಮಾಲಿಗಳು ಬಂದರು. ಮಿಷನ್ ಬಾಗಿಲಲ್ಲಿ ಸಿಕ್ಕಿಕೊಂಡಿತು; ಬಾಗಿಲನ್ನೇ ಕಳಚಬೇಕಾಯಿತು. ಬೋರ್ಡು ಮೊಳೆ ಸಮೇತ ಕಿತ್ತುಬಂತು. ಟೆಂಪೋ ಮುಂದೆ, ಸತ್ಯಮೂರ್ತಿಯವರ ಜೀಪು ಹಿಂದೆ.

ಶೆಡ್ಡಿನ ಬಾಗಿಲಲ್ಲಿ ರಾಮಾಂಜಿನಪ್ಪ ಸೊಂಟಕ್ಕೆ ಕೈಕೊಟ್ಟು ನಿಂತಿದ್ದ. "ಏಂದಮ್ಮಾ ಇದಿ, ಏನಿದು? ಮದುವೆ ಹೆಣ್ಣು ಕಳಿಸ್ತಿದೀರಾ, ಮಿಷನ್ ಕಳಿಸ್ತಿದೀರಾ?"

ಓಡುವ ಮಿಷನ್ನಿನ ಪಕ್ಕ ಓಡದ ಮಿಷನ್ ಇಳಿಯಿತು. ಇಬ್ಬರು ಹೆಂಗಸರು ಬೋರ್ಡು ಹಿಡಿದರು. ಅಷ್ಟರಲ್ಲಿ ಕರೆಂಟ್ ಹೋಗಿ ಬೀದಿಯ ಮಿಷನ್‌ಗಳೆಲ್ಲ ನಿಂತವು. ಕೈ ಖಾಲಿಯಾದ ಪಕ್ಕದ ಶೆಡ್‌ಗಳವರೂ ಬಂದು ಸೇರಿದರು.

"ತರಬೇತಿಗೆ ಇಷ್ಟು ಜನ ಬರ್ತಾರಾ?" ಸತ್ಯಮೂರ್ತಿಯವರಿಗೆ ಖುಷಿಯಾಯಿತು.

"ಕೊಠಡಿಗೆ ಕರೆದ್ರೆ ಮೂರು ಜನ ಬರ್ತಾರೆ ಸಾರ್. ಕೂಲಿ ಹೋಗುತ್ತಲ್ಲ."

"ಇವರ್ನೂ ಸೇರಿಸ್ಕೊಂಡೇ ತೆಗೀತೀನಿ."

ತನುಜ ಜಾಲರಿಯ ಪಕ್ಕ ಬಂದು ನಿಂತಳು. "ಈ ಕಡೆಯಿಂದ ತೆಗೀರಿ ಸಾರ್. ಆ ಕಡೆ ಕೂದ್ಲು ಬಂದಿಲ್ಲ."

ಕ್ಯಾಮೆರಾ ಹಿಡಿದಿದ್ದ ಸತ್ಯಮೂರ್ತಿ ಈ ಕಡೆಗೆ ಬಂದರು. ಫೋಟೋ ಆಯಿತು, ಸಹಿಯೂ ಆಯಿತು. ಜೀಪು ಹತ್ತುವಾಗ ಅವರಿಗೆ ನೆನಪಾಯಿತು: "ಟೆಂಪೋ ಬಾಡಿಗೆ ಅನುದಾನದಲ್ಲಿ ತೋರಿಸೋ ಹಾಗಿಲ್ಲ ಮೇಡಂ."

"ಗೊತ್ತು ಸಾರ್."

ಪಕ್ಕದ ಶೆಡ್‌ನ ವರಲಕ್ಷ್ಮಮ್ಮ ಅನಸೂಯಮ್ಮನ ಸೆರಗು ಜಗ್ಗಿದಳು. "ಅಕ್ಕಾ, ನಮ್ ಮಿಷನ್‌ಗೆ ಯಾವಾಗ ಹಾಕ್ತೀರಾ ಇದನ್ನ?"

"ನನ್ನತ್ರ ಇರೋದು ಇದೊಂದೇ ಕಣಮ್ಮ. ಅಗೋ, ಸಾಹೇಬ್ರು ಇನ್ನೂ ಹೊರಟಿಲ್ಲ. ಹೋಗಿ ಕೇಳಿ."

ವರಲಕ್ಷ್ಮಮ್ಮ ಹೋದಳು, ಹಿಂದೆಯೇ ಉಳಿದವರೂ ಹೋದರು. ಸತ್ಯಮೂರ್ತಿಯವರ ಕೈ ಕಿಟಕಿಯತ್ತ ಹೋಯಿತು. ಏರಿಸಿಕೊಳ್ಳಲು ಆ ಜೀಪಿಗೆ ಗಾಜಿರಲಿಲ್ಲ.