ಮೂರು ಗುರುವಾರದ ಪ್ರಕಟಣೆ

ನಮ್ಮ ನೆಬ್ರಾಸ್ಕಾದಲ್ಲಿ ಸಣ್ಣ ಕಂಪನಿ ಕಟ್ಟುವವರಿಗೆ ಕೊನೆಯಲ್ಲಿ ಒಂದು ಷರತ್ತಿದೆ. ಹೆಸರು ನೋಂದಾಯಿಸಿ, ವಿಳಾಸ ಕೊಟ್ಟು, ಸಹಿ ಹಾಕಿ, ಸದ್ಯ ಮುಗಿಯಿತಪ್ಪಾ ಎಂದುಕೊಂಡ ಮೇಲೂ, ಇಂಥವರು ಇಂಥ ಕಡೆ ಎಲ್‌ಎಲ್‌ಸಿ ಎಂಬ ಖಾಸಗಿ ಕಂಪನಿ ತೆರೆದಿದ್ದಾರೆ ಎಂದು ಊರ ಪತ್ರಿಕೆಯಲ್ಲಿ ಸತತವಾಗಿ ಮೂರು ವಾರ ಪ್ರಕಟಿಸಬೇಕು. ದೊಡ್ಡ ಊರುಗಳಲ್ಲಿ ಆ ಸಣ್ಣ ಅಕ್ಷರಗಳನ್ನು ಯಾರೂ ಮೂಸಿಯೂ ನೋಡುವುದಿಲ್ಲ. ನಮ್ಮ ಟೆಪ್ಲಾದಲ್ಲಿ ಹಾಗಲ್ಲ. ಗುರುವಾರ ಪತ್ರಿಕೆ ಬಂದರೆ ಜನ ಮೊದಲು ತಿರುವುವುದೇ ಆ ಪುಟವನ್ನು. ಯಾರ ಹೊಲ ಹರಾಜಿಗೆ ಬಂತು, ಸತ್ತವರ ಆಸ್ತಿಗೆ ಯಾರು ವಾರಸುದಾರರು, ಯಾವ ಗಂಡ ಹೆಂಡತಿ ಕೋರ್ಟು ಹತ್ತಿದರು, ಎಲ್ಲ ಅಲ್ಲೇ ಇರುತ್ತದೆ. ಮೊದಲ ಪುಟದಲ್ಲಿರುವುದು ಶಾಲೆಯ ಫುಟ್‌ಬಾಲ್ ತಂಡದ ಫೋಟೊ ಮಾತ್ರ.

ಇದು ನನಗೆ ಚೆನ್ನಾಗಿ ಗೊತ್ತಿತ್ತು. ಊರ ಕಚೇರಿಯಲ್ಲಿ ಇಪ್ಪತ್ತಾರು ವರ್ಷದಿಂದ ಗುಮಾಸ್ತೆಯಾಗಿ ಕೂತಿರುವವಳು ನಾನು. ಆದರೂ ರೊಸಾಲಿ ವೊಂಡ್ರಾ ಬಂದು ಕೇಳಿದಾಗ ಜಾಣೆಯ ಹಾಗೆ ಸಲಹೆ ಕೊಟ್ಟುಬಿಟ್ಟೆ.

ರೊಸಾಲಿ ಹತ್ತೊಂಬತ್ತು ವರ್ಷದಿಂದ ಟೆಟಾ ಲಿಬಿಯವರ ಬೇಕರಿಯಲ್ಲಿ ಕೊಲಾಚೆ ಎಂಬ ಹೂರಣದ ಬನ್ನು ಬೇಯಿಸುತ್ತಿದ್ದಳು. ಟೆಟಾ ಎಂದರೆ ನಮ್ಮ ಅಜ್ಜಂದಿರ ಚೆಕ್ ಭಾಷೆಯಲ್ಲಿ ಚಿಕ್ಕಮ್ಮ. ಎಂಬತ್ತೊಂದು ವರ್ಷದ ಲಿಬಿ ಬ್ಲಾಜೆಕ್ ಊರಿಗೆಲ್ಲ ಚಿಕ್ಕಮ್ಮನೇ. ಗಂಡ ಬಿಟ್ಟುಹೋದ ಮೇಲೆ ರೊಸಾಲಿ ಕೈಗೂಸಿನೊಂದಿಗೆ ಇಲ್ಲಿಗೆ ಬಂದಾಗ ಬೇಕರಿಯ ಮೇಲಿನ ಕೋಣೆ ಕೊಟ್ಟವರು ಅವರು. ಹಿಟ್ಟು ನಾದುವುದರಿಂದ ಹಿಡಿದು ಗಸಗಸೆಯ ಹೂರಣ ಕಾಯಿಸುವವರೆಗೆ ಎಲ್ಲ ಕಲಿಸಿದವರೂ ಅವರೇ. ಈಗ ಟೆಟಾ ಅವರ ಕಣ್ಣು ಮಂಜಾಗಿತ್ತು, ಬೇಕರಿ ನಡೆಯುತ್ತಿದ್ದದ್ದು ರೊಸಾಲಿಯಿಂದ. ಆದರೆ ಕಟ್ಟಡವನ್ನು ಅವರು ಎಂದೋ ಒಮಾಹಾದಲ್ಲಿರುವ ಅಣ್ಣನ ಮಗನ ಹೆಸರಿಗೆ ಬರೆದಿದ್ದರು. ಟೆಟಾ ಕಣ್ಣು ಮುಚ್ಚಿದ ಮರುದಿನವೇ ಅವನು ಬೀಗ ಜಡಿಯುತ್ತಾನೆ ಎಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ನಲವತ್ತೈದು ದಾಟಿದ ಹೆಂಗಸು ಬೀದಿಗೆ ಬೀಳುವ ಮೊದಲು ತನ್ನದೂ ಅಂತ ಒಂದು ಬೇಕರಿ ಮಾಡಿಕೊಂಡರೆ ತಪ್ಪೇನು? ನನಗೆ ಇವತ್ತಿಗೂ ತಪ್ಪು ಕಾಣುವುದಿಲ್ಲ.

"ಟೆಟಾಗೆ ಹೇಗೆ ಹೇಳ್ಲಿ ಕಣೇ ಆರ್ಡಿತ್? ನಾನು ಬಿಟ್ರೆ ಅವರು ಅಂಗಡಿ ಮುಚ್ಚಬೇಕಾಗತ್ತೆ," ಎಂದಳು ರೊಸಾಲಿ, ಅರ್ಜಿಯ ಮೂಲೆಯನ್ನು ಮಡಚುತ್ತಾ ಬಿಡಿಸುತ್ತಾ.

"ಈಗಲೇ ಯಾಕೆ ಹೇಳ್ತೀಯ? ಅವರು ಒಂದು ಹನಿ ಕಣ್ಣೀರು ಹಾಕಿದ್ರೆ ನೀನು ಅರ್ಜಿ ಹರಿದು ಒಲೆಗೆ ಹಾಕ್ತೀಯ. ಪರವಾನಗಿ ಕೈಗೆ ಬರಲಿ, ಆಮೇಲೆ ಹೇಳು."

"ಪೇಪರ್‌ನಲ್ಲಿ ಬರತ್ತಲ್ಲ?"

"ಅವರಿಗೆ ಪೇಪರ್ ಓದಿ ಹೇಳೋಳು ಯಾರು? ನೀನೇ ತಾನೆ. ಆ ನಾಲ್ಕು ಸಾಲು ಬಿಟ್ಟು ಓದು."

ನಿಜವೇ. ಪ್ರತಿ ಗುರುವಾರ ಮಧ್ಯಾಹ್ನ ಮೂರಕ್ಕೆ ಓವನ್ ಆರಿಸಿದ ಮೇಲೆ ರೊಸಾಲಿ ಪತ್ರಿಕೆ ಹಿಡಿದು ಕೂರುತ್ತಿದ್ದಳು. ಟೆಟಾ ಕಾಫಿ ಬಗ್ಗಿಸಿಕೊಂಡು ಎದುರು ಕೂರುತ್ತಿದ್ದರು. ಕಚೇರಿಗೆ ಚಕ್ಕರ್ ಹಾಕಿ ನಾನೂ ಹೋಗುತ್ತಿದ್ದೆ. ಟೆಟಾ ಅವರಿಗೆ ಬೇಕಾದದ್ದು ಪ್ರಕಟಣೆಗಳ ಪುಟವೊಂದೇ. ಫುಟ್‌ಬಾಲ್ ಶುರುವಾದರೆ ಎದ್ದು ಲೋಟ ತೊಳೆಯಲು ಹೋಗುತ್ತಿದ್ದರು.

ಬೇಸಿಗೆಯೆಲ್ಲ ರೊಸಾಲಿ ಕೆಲವು ವರ್ಷದ ಹಿಂದೆ ಕೊಂಡಿದ್ದ ತನ್ನ ಪುಟ್ಟ ಮನೆಯ ಗ್ಯಾರೇಜನ್ನು ಅಡುಗೆಮನೆ ಮಾಡಿದಳು. ಪಾತ್ರೆ ತೊಳೆಯಲು ಮೂರು ಸಿಂಕ್, ಕೈ ತೊಳೆಯಲು ಬೇರೆಯೇ ಒಂದು. ಆ ಕೈ ತೊಳೆಯುವ ಸಿಂಕಿನಲ್ಲಿ ಒಂದು ಚಮಚ ತೊಳೆದರೂ ಇನ್‌ಸ್ಪೆಕ್ಟರ್ ಪಾಲಿಗೆ ಮಹಾಪರಾಧ. ಮನೆಗಳಿರುವ ಬೀದಿಯಲ್ಲಿ ವ್ಯಾಪಾರ ಮಾಡಲು ಊರ ಸಮಿತಿಯ ಒಪ್ಪಿಗೆಯೂ ಬೇಕಿತ್ತು. ಎದುರುಮನೆಯ ಎಮಿಲ್, ಗಿರಾಕಿಗಳ ಕಾರು ನಿಂತರೆ ದಾರಿಗೆ ಅಡ್ಡಿ ಎಂದು ತಕರಾರು ತೆಗೆದ. ಅವನ ಕೆಟ್ಟ ಟ್ರ್ಯಾಕ್ಟರ್ ಆರು ವರ್ಷದಿಂದ ಅದೇ ದಾರಿಯಲ್ಲಿ ನಿಂತಿದೆ. ನಾನು ಅದನ್ನು ನೆನಪಿಸಿದೆ, ಸುಮ್ಮನಾದ. ರೊಸಾಲಿ ಮನೆ ಮನೆಗೆ ಹೋಗಿ, ಟೆಟಾಗೆ ನಾನೇ ಹೇಳ್ತೀನಿ, ನೀವು ಬಾಯಿ ಬಿಡಬೇಡಿ ಎಂದು ಕೇಳಿಕೊಂಡಳು. ಎಲ್ಲರೂ ಆಗಲಿ ಎಂದರು.

ಸೆಪ್ಟೆಂಬರಿನಲ್ಲಿ ಮೊದಲ ಪ್ರಕಟಣೆ ಬಂತು. ಆ ಗುರುವಾರ ರೊಸಾಲಿ ತನ್ನ ನಾಲ್ಕು ಸಾಲು ದಾಟಿಸಿ ಓದಿದಳು. ಮುಂದಿನ ಗುರುವಾರವೂ ದಾಟಿಸಿದಳು. ನಾನು ಕಾಫಿ ಕುಡಿಯುತ್ತಾ ಒಳಗೊಳಗೇ ಬೀಗುತ್ತಿದ್ದೆ.

ಮರುದಿನ ಬೆಳಿಗ್ಗೆ ಟೆಟಾ ಕೋಲೂರಿಕೊಂಡು ನನ್ನ ಕಚೇರಿಗೇ ಬಂದರು. ಮಡಚಿದ ಪತ್ರಿಕೆಯನ್ನು ಮೇಜಿನ ಮೇಲಿಟ್ಟರು.

"ನಮ್ಮ ಹುಡುಗಿದು ಯಾವ ಮೂಲೇಲಿದೆ ತೋರಿಸು," ಎಂದರು.

ನಾನು ಪತ್ರಿಕೆಯ ಮಡಿಕೆ ಬಿಡಿಸಿದೆ.

"ಮೊದಲನೇ ಗುರುವಾರ ಹನ್ನೊಂದು ಗಂಟೆ ಒಳಗೆ ಮೂರು ಜನ ಫೋನ್ ಮಾಡಿದ್ರು. ಮೂರೂ ಜನ, ನಾನು ಹೇಳ್ದೆ ಅಂತ ಹೇಳ್ಬೇಡಿ ಟೆಟಾ, ಅಂದ್ರು. ಓದು."

ಓದಿದೆ. ಕಂಪನಿಯ ಹೆಸರು, ಗ್ಯಾರೇಜಿನ ವಿಳಾಸ, ರೊಸಾಲಿಯ ಹೆಸರು. ಓದಿ ಮುಗಿಸಲು ಒಂದು ನಿಮಿಷವೂ ಹಿಡಿಯಲಿಲ್ಲ.

"ಕೋಪ ಬಂತಾ ಟೆಟಾ?"

"ಕೋಪ ಯಾಕೆ ಬರತ್ತೆ? ನಾನು ಇನ್ನೆಷ್ಟು ದಿನ ಇರ್ತೀನಿ? ನನ್ನ ಓವನ್ ಅವಳಿಗೇ ಕೊಡೋಣ ಅಂತಿದ್ದೆ. ಆ ಒಮಾಹಾದವನು ಗುಜರಿಗೆ ಹಾಕ್ತಾನೆ ಅಷ್ಟೆ." ಅವರು ಕೋಲಿನ ಹಿಡಿಯನ್ನು ಉಜ್ಜಿದರು. "ಆದ್ರೆ ಎರಡು ಸಲ ನನ್ನ ಎದುರಿಗೇ ಕೂತು ಹಾರಿಸಿಬಿಟ್ಳಲ್ಲ. ನನಗೆ ಕಣ್ಣು ಕಾಣಲ್ಲ ಅಂತ ತಾನೆ?"

"ನಾನು ಇವತ್ತೇ ಅವಳ ಹತ್ತಿರ ಮಾತಾಡ್ತೀನಿ."

"ನೀನು ಮಾತಾಡಕೂಡದು. ನೀನು ಹೇಳಿಕೊಟ್ಟು ಅವಳು ಹೇಳಿದ್ರೆ ನನಗೆ ಬೇಡ. ಇನ್ನೊಂದು ವಾರ ಇದೆಯಲ್ಲ. ಮಾತು ಕೊಡು ನೋಡೋಣ."

ಕೊಟ್ಟೆ. ಹಾರಿಸು ಎಂದು ಹೇಳಿಕೊಟ್ಟವಳೇ ನಾನು, ಆ ಹುಡುಗಿಯದೇನೂ ತಪ್ಪಿಲ್ಲ ಎಂದು ಅಲ್ಲೇ ಆಗಲೇ ಹೇಳಬಹುದಿತ್ತು. ನಾಲಿಗೆಯ ತುದಿಗೆ ಬಂದಿತ್ತು. ಟೆಟಾ ಅವರ ಕಣ್ಣಿಗೆ ಸಣ್ಣವಳಾಗುತ್ತೇನೆಂಬ ಹೆದರಿಕೆಗೆ ನುಂಗಿಕೊಂಡೆ. ಅವರಿಗೆ ಬಾಗಿಲು ತೆರೆದು, ಮೆಟ್ಟಿಲು ಹುಷಾರು ಎಂದೆ.

ಮೂರನೆಯ ಗುರುವಾರ ನಾನು ಎರಡೂವರೆಗೇ ಹೋಗಿ ಕೂತೆ. ರೊಸಾಲಿ ಓದತೊಡಗಿದಳು. ಕೌಂಟಿಯ ಸಭೆ, ಸತ್ತುಹೋದ ಫ್ರಾಂಕ್ ಹೊಲುಬ್‌ನ ಆಸ್ತಿ, ಸೇತುವೆ ರಿಪೇರಿಗೆ ಟೆಂಡರ್. ಆಮೇಲೆ ಅವಳ ಬೆರಳು ನಿಂತಿತು. ಟೆಟಾ ಲೋಟ ಕೆಳಗಿಟ್ಟು ಸ್ವಲ್ಪ ಮುಂದಕ್ಕೆ ಬಾಗಿದರು. ನಾನು ಮೇಜಿನ ಕೆಳಗೆ ರೊಸಾಲಿಯ ಕಾಲನ್ನು ಒದೆಯಬಹುದಿತ್ತು, ಅಷ್ಟು ಹತ್ತಿರವಿತ್ತು.

"ಅಷ್ಟೇನಾ ಮಗಳೇ?" ಎಂದರು ಟೆಟಾ.

ರೊಸಾಲಿ ನನ್ನ ಮುಖ ನೋಡಿದಳು. ನಾನು ಕಾಫಿ ನೋಡಿದೆ.

"ಅಷ್ಟೇ ಟೆಟಾ. ಇನ್ನು ಶಾಲೆಯ ಊಟದ ಪಟ್ಟಿ ಇದೆ, ಓದ್ಲಾ?"

"ಬೇಡ," ಎಂದು ಟೆಟಾ ಎದ್ದು, ಅವತ್ತು ಮೂರು ಜನರ ಲೋಟವನ್ನೂ ತಾವೇ ತೊಳೆದರು.

ಹನ್ನೆರಡು ದಿನದ ಮೇಲೆ ಪರವಾನಗಿ ಸಿದ್ಧವಾಯಿತು. ರೊಸಾಲಿಗೆ ಫೋನ್ ಮಾಡಿದೆ. "ಮೊದಲು ಟೆಟಾಗೆ ಹೇಳಿ ಬರ್ತೀನಿ ಕಣೇ. ಅವರನ್ನೂ ಕರ್ಕೊಂಡೇ ಬರ್ತೀನಿ, ಅವರ ಕೈಯಿಂದಲೇ ತಗೋತೀನಿ," ಎಂದಳು. ಅವಳ ದನಿಯಲ್ಲಿ ಅಷ್ಟು ಹುರುಪನ್ನು ನಾನು ಕೇಳಿರಲೇ ಇಲ್ಲ.

ಅವಳು ಬಂದದ್ದು ಅರ್ಧ ಗಂಟೆಯಲ್ಲಿ, ಒಬ್ಬಳೇ. ಏಪ್ರನ್ ಇರಲಿಲ್ಲ. ಕೆಲಸಕ್ಕೆ ಬಂದವರು ಕೂರುವ ಬೆಂಚಿನ ಮೇಲೆ ಕೂತಳು.

"ಒಳ್ಳೇದಾಗಲಿ ಮಿಸೆಸ್ ವೊಂಡ್ರಾ ಅಂದ್ರು. ನಿಮ್ಮ ಹತ್ತಿರ ಇರೋ ಬೀಗದ ಕೈ ಕೌಂಟರ್ ಮೇಲೆ ಇಟ್ಟು ಹೋಗಿ ಅಂದ್ರು. ಬಸ್ಸಿಳಿದು ಬಂದ ಯಾರೋ ಗಿರಾಕೀನ ಮಾತಾಡಿಸಿದ ಹಾಗೆ ಮಾತಾಡಿಸಿದ್ರು ಆರ್ಡಿತ್. ಬೈದಿದ್ರೆ ಕಾಲಿಗೆ ಬೀಳ್ತಿದ್ದೆ. ಬೈಯಲೇ ಇಲ್ಲ."

ನಾನು ಕಾಗದಗಳನ್ನು ಜೋಡಿಸಿದೆ. ಅವು ಜೋಡಿಸಿಯೇ ಇದ್ದವು.

"ಮೊದಲನೇ ವಾರದಿಂದ ಗೊತ್ತಿತ್ತಂತೆ. ಮೂರು ವಾರ ಕಾದ್ರಂತೆ." ಅವಳು ತಲೆಯೆತ್ತಿದಳು. "ನಿನಗೆ ಗೊತ್ತಿತ್ತಾ?"

ಇಲ್ಲ ಎನ್ನುವುದು ಎಷ್ಟು ಸುಲಭವಿತ್ತು. ಸುಳ್ಳು ಹೇಳಿಸಿ ಇಷ್ಟಾಗಿತ್ತು, ಇನ್ನೊಂದನ್ನು ಹೇಳಲು ಬಾಯಿ ಬರಲಿಲ್ಲ.

"ಎರಡನೇ ವಾರದಿಂದ ಗೊತ್ತಿತ್ತು," ಎಂದೆ. "ಹೇಳಲ್ಲ ಅಂತ ಮಾತು ಕೊಟ್ಟಿದ್ದೆ."

"ಹಾರಿಸು ಅಂತ ಹೇಳಿಕೊಟ್ಟಿದ್ದು ನೀನು. ಅದನ್ನ ಅವರಿಗೆ ಹೇಳಿದ್ಯಾ?"

"ಇಲ್ಲ."

ನಾನು ಈಗಲೇ ಹೋಗಿ ಹೇಳ್ತೀನಿ, ಎಲ್ಲ ಹೇಳ್ತೀನಿ ಎಂದೆ. ಅವಳು ಎದ್ದು ಬಂದು, ಪರವಾನಗಿಯಲ್ಲಿ ತನ್ನ ಹೆಸರು ಸರಿಯಾಗಿದೆಯೇ ಎಂದು ನೋಡಿಕೊಂಡಳು.

"ಸಹಿ ಎಲ್ಲಿ ಹಾಕ್ಬೇಕು ಮೇಡಂ?" ಎಂದಳು.

ತೋರಿಸಿದೆ.